ಮೇಫ್ಲೈ ಗುರುತಿಸಿ ಫ್ಲೈ ಕಟ್ಟುವ ಕಿಟ್: ಉಪಕರಣ ಒಳ್ಳೆಯದು, ಗುರುತಿನ ಕಾರ್ಡ್ ದಾರಿ ತಪ್ಪಿಸುತ್ತದೆ

ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಹರಿಯುವ ಇಚೆನ್ ನದಿಯಲ್ಲಿ ಟ್ರೌಟ್ ಮೀನು ಹಿಡಿಯಲು ಕಲಿಯುತ್ತಿರುವ ನಾನು ಕಳೆದ ವರ್ಷ ಏಪ್ರಿಲಿನಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ 45 ಪೌಂಡ್ ಕೊಟ್ಟು ಈ ಕಿಟ್ ತರಿಸಿಕೊಂಡೆ. ಫ್ಲೈ ಎಂದರೆ ಗಾಳಕ್ಕೆ ನೂಲು, ಗರಿ, ತುಪ್ಪಟ ಸುತ್ತಿ ಮಾಡುವ ಕೃತಕ ಕೀಟ. ಸೀಮೆಸುಣ್ಣದ ಕಲ್ಲಿನ ಪದರಗಳಿಂದ ಒಸರುವ ಇಚೆನ್ನಿನ ನೀರು ಎಷ್ಟು ತಿಳಿಯೆಂದರೆ, ಮೀನು ಏನನ್ನು ತಿನ್ನುತ್ತಿದೆ ಎಂಬುದು ದಡದಿಂದಲೇ ಕಾಣುತ್ತದೆ. ನಾವು ಕಟ್ಟಿದ್ದು ಮೀನಿಗೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮೀನು ತಿನ್ನುತ್ತಿರುವುದು ಯಾವ ಮೇಫ್ಲೈ (ಮರಿಯಾಗಿ ನೀರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಹಾರುವ ಕೀಟ) ಎಂದು ಮೊದಲು ಗುರುತಿಸಿ, ಆಮೇಲೆ ಅದರಂತೆ ಕಟ್ಟಬೇಕು. ಎರಡನ್ನೂ ಕಲಿಸುವುದಾಗಿ ಕಿಟ್ ಹೇಳಿಕೊಳ್ಳುತ್ತದೆ.

ಉಪಕರಣಗಳ ಬಗ್ಗೆ ದೂರಿಲ್ಲ. ಗಾಳವನ್ನು ಕಚ್ಚಿ ಹಿಡಿಯುವ ವೈಸ್ 10ರಿಂದ 18ರವರೆಗಿನ ಅಳತೆಯ ಗಾಳಗಳನ್ನು ಅಲುಗದಂತೆ ಹಿಡಿಯುತ್ತದೆ (ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು). ನೂಲಿನ ಉರುಳೆ ಹಿಡಿಯುವ ಬಾಬಿನ್ನಿನ ಬಾಯಿ ನುಣುಪಾಗಿರುವುದರಿಂದ ನೂಲು ಕಡಿಯುವುದಿಲ್ಲ, ಕತ್ತರಿಯ ತುದಿ ಇಂದಿಗೂ ಮೊಂಡಾಗಿಲ್ಲ.

ತೊಂದರೆ ಇರುವುದು ಗುರುತಿನ ಕಾರ್ಡಿನಲ್ಲಿ. ಅದರಲ್ಲಿ ಕೀಟಗಳನ್ನು ಬಣ್ಣವೊಂದನ್ನೇ ನೋಡಿ ಸಾಲುಗೂಡಿಸಲಾಗಿದೆ. ಮೇಫ್ಲೈ ನೀರಿನಿಂದ ಎದ್ದಾಗ ಮಂಕು ರೆಕ್ಕೆಯ ಡನ್ ಆಗಿರುತ್ತದೆ. ಕೆಲವು ಗಂಟೆಗಳಲ್ಲೋ ಮರುದಿನವೋ ಮತ್ತೊಮ್ಮೆ ಪೊರೆ ಕಳಚಿ, ಗಾಜಿನಂತೆ ಹೊಳೆಯುವ ರೆಕ್ಕೆಯ ಸ್ಪಿನ್ನರ್ ಆಗುತ್ತದೆ. ಹಾರಬಲ್ಲ ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇದೊಂದೇ. ಹೀಗಿರುವಾಗ ಬಣ್ಣವನ್ನೇ ನೆಚ್ಚಿದರೆ ಒಂದೇ ಕೀಟ ಕಾರ್ಡಿನ ಎರಡು ಸಾಲುಗಳಲ್ಲಿ ಸಿಗುತ್ತದೆ, ಎರಡು ಬೇರೆ ಕೀಟಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಮೇ ನಡುವಿನಿಂದ ಏಳುವ, ದಂತದ ಬಣ್ಣದ ಎಫೆಮೆರಾ ಡ್ಯಾನಿಕಾ ಎಂಬ ದೊಡ್ಡ ಮೇಫ್ಲೈಯ ವಿಷಯದಲ್ಲಿ ಕಾರ್ಡ್ ಸರಿಯಾಗಿಯೇ ಇದೆ. ಆದರೆ ಅದನ್ನು ಗುರುತಿಸಲು ಯಾರಿಗೂ ಕಾರ್ಡ್ ಬೇಕಿಲ್ಲ.

ಜೂನ್ ತಿಂಗಳ ಒಂದು ಸಂಜೆ ಬೂದು ರೆಕ್ಕೆಯ, ಆಲಿವ್ ಮೈಯ ಡನ್ ಒಂದು ನನ್ನ ತೋಳಿನ ಮೇಲೆ ಬಂದು ಕೂತಿತು. ಕಾರ್ಡ್ ಪ್ರಕಾರ ಅದು ಬರೀ ‘ಆಲಿವ್’. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದಾಗ ಮೂರು ಬಾಲಗಳು ಕಂಡವು, ಹಿಂಬದಿಯ ರೆಕ್ಕೆಯೂ ಎದ್ದು ಕಾಣುವಷ್ಟಿತ್ತು. ಆಲಿವ್ ಬಣ್ಣದವೇ ಇರುವ ಬೇಟಿಸ್ ಎಂಬ ಮೇಫ್ಲೈ ಗುಂಪಿನದಾಗಿದ್ದರೆ ಬಾಲ ಎರಡೇ ಇರಬೇಕು, ಹಿಂದಿನ ರೆಕ್ಕೆ ಮುಳ್ಳಿನಷ್ಟು ಕಿರಿದಾಗಿರಬೇಕು. ಬಂದಿದ್ದು ಬ್ಲೂ ವಿಂಗ್ಡ್ ಆಲಿವ್ ಎಂಬ ಬೇರೆಯೇ ಮೇಫ್ಲೈ. ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. ಬ್ಲೂ ವಿಂಗ್ಡ್ ಆಲಿವ್‌ನ ಹೆಣ್ಣು ಸ್ಪಿನ್ನರ್ ಹಸಿರು ಮೊಟ್ಟೆಯ ಉಂಡೆಯನ್ನು ಬಾಲದ ಬುಡದಲ್ಲಿ ಹೊತ್ತು ಹಾರಿ ಬಂದು, ಅದನ್ನು ನೀರಿಗೆ ಬಿಟ್ಟು, ಕೊನೆಗೆ ರೆಕ್ಕೆ ಚಾಚಿಕೊಂಡು ತೇಲುತ್ತದೆ. ಅದಕ್ಕೆ ತೇಲುವ ಫ್ಲೈ ಕಟ್ಟಬೇಕು. ಬೇಟಿಸ್ ಹೆಣ್ಣುಗಳೋ ನೀರೊಳಕ್ಕೆ ತೆವಳಿಕೊಂಡು ಹೋಗಿ ಕಲ್ಲಿಗೆ ಮೊಟ್ಟೆ ಅಂಟಿಸುತ್ತವೆ. ಅವುಗಳಿಗೆ ಮುಳುಗುವ ಫ್ಲೈಯೇ ಸೂಕ್ತ. ಬಾಲ ಎಣಿಸಲು ಹೇಳದ ಕಾರ್ಡನ್ನು ನಂಬಿದವರು ಎಷ್ಟು ಅಂದವಾಗಿ ಕಟ್ಟಿದರೂ, ಕಟ್ಟಿದ್ದು ಬೇರೆಯೇ ಕೀಟವಾಗಿರುತ್ತದೆ.

ಹುಂಜದ ಹ್ಯಾಕಲ್ ಗರಿಗಳೂ (ಗಾಳದ ಸುತ್ತ ಸುತ್ತುವ ಕತ್ತಿನ ಗರಿಗಳು) ನಿರಾಸೆ ಮೂಡಿಸಿದವು. ತೇಲುವ ಫ್ಲೈಗೆ ಗರಿಯ ಎಳೆಗಳು ಬಿರುಸಾಗಿದ್ದು, ಗಾಳದ ಬಾಯಿಯ ಅಗಲದ ಸುಮಾರು ಒಂದೂವರೆ ಪಟ್ಟು ಉದ್ದವಿರಬೇಕು. ಇಲ್ಲಿ ಕೊಟ್ಟಿರುವವು ಮೆತ್ತಗಿವೆ, 16ನೇ ಅಳತೆಗೆ ತೀರಾ ಉದ್ದ. ಎರಡು ಸಲ ಎಸೆಯುವಷ್ಟರಲ್ಲಿ ಫ್ಲೈ ನೀರು ಕುಡಿದು ಮುಳುಗುತ್ತದೆ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ, ಹಳದಿ ಮೇಣ ಮೆತ್ತಿದಂಥ ಚುಕ್ಕೆಗಳಿಂದಾಗಿ, ಸಾಲ್ಮನ್ ಫ್ಲೈ ಕಟ್ಟುವವರಿಗೆ ಬಲು ಪ್ರಿಯವಾದದ್ದು. ಕಾಡಿನ ಹಕ್ಕಿಯ ಆ ಗರಿ ಈ ಪೆಟ್ಟಿಗೆಯಲ್ಲಿ ಇಲ್ಲದಿರುವುದು, ಹಕ್ಕಿಯ ಹಿತ ನೆನೆದು, ನನಗೆ ಸಮಾಧಾನ ತಂದಿತು.

ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಗುವುದು ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ಕೂದಲೆಳೆಯಂಥ ತಾಮ್ರದ ತಂತಿಯಿಂದ. ವಿಲ್ಟ್‌ಶೈರಿನ ಏವನ್ ನದಿಯನ್ನು ಕಾಯುತ್ತಿದ್ದ ಫ್ರ್ಯಾಂಕ್ ಸಾಯರ್ ರೂಪಿಸಿದ ಫೆಸೆಂಟ್ ಟೇಲ್ ನಿಂಫ್‌ಗೆ (ನಿಂಫ್ ಎಂದರೆ ನೀರೊಳಗಿನ ಮೇಫ್ಲೈ ಮರಿಯನ್ನು ಹೋಲುವ, ಮುಳುಗುವ ಫ್ಲೈ) ಇವೆರಡೇ ಸಾಕು, ನೂಲೇ ಬೇಡ. ಗರಿಯ ಎಳೆಗಳ ತುದಿಯನ್ನು ಬಾಲವಾಗಿ ಉಳಿಸಿಕೊಂಡು, ಮಿಕ್ಕ ಭಾಗವನ್ನು ತಂತಿಯೊಡನೆ ಹೊಸೆದು ಗಾಳಕ್ಕೆ ಸುತ್ತುತ್ತಾ ಹೋದರೆ, ತಂತಿಯೇ ಕಟ್ಟೂ ಆಗುತ್ತದೆ, ಮುಳುಗಲು ಬೇಕಾದ ಭಾರವೂ ಆಗುತ್ತದೆ. ಕಿಟ್‌ನ ಕೈಪಿಡಿ ಇದಕ್ಕೆ ಕಾಲುಗಳೆಂದು ಹ್ಯಾಕಲ್ ಸುತ್ತಲು ಹೇಳುತ್ತದೆ. ಈಜುವ ಬೇಟಿಸ್ ಮರಿ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ನೋಡಿಯೇ ಸಾಯರ್ ಕಾಲುಗಳನ್ನು ಬಿಟ್ಟಿದ್ದರು. ಕೈಪಿಡಿಯ ಆ ಹಂತವನ್ನು ಬಿಟ್ಟು ಮುಂದುವರಿಯಿರಿ.

ಕೊಳ್ಳುವವರು ಮೇ ತಿಂಗಳಿಗೆ ಮುಂಚೆಯೇ ಕೊಳ್ಳಲಿ, ಬಿರುಸಾದ ಹ್ಯಾಕಲ್ ಮತ್ತು ಹತ್ತು ಪಟ್ಟಿನ ಮಸೂರವನ್ನು ಬೇರೆಯಾಗಿ ತರಿಸಿಕೊಳ್ಳಲಿ. ಕಾರ್ಡನ್ನು ಮನೆಯಲ್ಲೇ ಬಿಟ್ಟು, ನದಿಗೆ ಒಂದು ಬಿಳಿ ತಟ್ಟೆ ಒಯ್ದು, ಕಲ್ಲಿನಡಿಯ ಮರಿಗಳನ್ನು ಅದರಲ್ಲಿ ನೀರು ಹಾಕಿ ನೋಡಿ, ಮತ್ತೆ ಅದೇ ಜಾಗದಲ್ಲಿ ಬಿಡಲಿ.