‘ನಿಮ್ಮ ಚಿತ್ರ ಆಯ್ಕೆಯಾಗಿದೆ, ಶುಲ್ಕ ಕಟ್ಟಿ’ ಎಂಬ ಮೆಸೇಜ್ ಬಂದರೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಫೋಟೋಗ್ರಾಫರ್ ಮತ್ತು ಚಿತ್ರಕಲಾವಿದರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಒಂದು ಮೆಸೇಜ್ ಓಡಾಡುತ್ತಿದೆ. ‘ಅಂತರರಾಷ್ಟ್ರೀಯ ಕಲಾ ಪ್ರದರ್ಶನ, ದೆಹಲಿ. ನಿಮ್ಮ ಕೃತಿ ಆಯ್ಕೆಯಾಗಿದೆ.’ ಕೆಳಗೆ ಬಂಗಾರದ ಬಣ್ಣದ ಲೋಗೋ, ಸೂಟ್ ಹಾಕಿಕೊಂಡ ಯಾರದೋ ಫೋಟೋ, ಕೊನೆಗೆ ಕ್ಯೂಆರ್ ಕೋಡ್. ಹೋದ ಸಲ ಸಂಸ್ಥೆಯ ಹೆಸರು ಬೇರೆ ಇತ್ತು. ಒಳಗಿನ ಸಾಲುಗಳು ಮಾತ್ರ ಅಕ್ಷರಕ್ಕೆ ಅಕ್ಷರ ಅವೇ. ಆ ಪ್ರದರ್ಶನಕ್ಕೆ ಹೋಗಿ ಬಂದವನು ನಾನು. ಅಲ್ಲಿ ಏನು ನಡೆಯುತ್ತದೆ ಅಂತ ಬರೆದಿಡುತ್ತೇನೆ. ಓದಿದ ಮೇಲೂ ರೊಕ್ಕ ಕಟ್ಟಬೇಕು ಅನಿಸಿದರೆ ಕಟ್ಟಿ.

ನಾನು ವಿಜಯಪುರದವನು. ಹೊಟ್ಟೆಪಾಡಿಗೆ ಮದುವೆ, ಸೀಮಂತ, ಗೃಹಪ್ರವೇಶದ ಫೋಟೋ. ಬಿಡುವಾದಾಗ ಬಾರಾಕಮಾನು, ಇಬ್ರಾಹಿಂ ರೋಜಾ, ಸಿದ್ಧೇಶ್ವರ ಜಾತ್ರೆ. ಸಂಕ್ರಾಂತಿ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ತೆಗೆದ ಒಂದು ಚಿತ್ರ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಮೇಲೆ ಬೆಂಕಿಯ ಹೂವು, ಕೆಳಗೆ ಅಪ್ಪನ ಹೆಗಲ ಮೇಲೆ ಕೂತ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಅದನ್ನು ನೋಡಿಯೇ ಅವರು ಬಂದದ್ದು.

ಮೊದಲು ಶುಲ್ಕದ ಮಾತೇ ಇರಲಿಲ್ಲ. ಫೋನ್ ಮಾಡಿದ ಹೆಣ್ಣುಮಗಳು ಹಿಂದಿಯಲ್ಲಿ, ‘ಸರ್, ನಮ್ಮ ಕ್ಯುರೇಟರ್ ಆ ಮಗುವಿನ ಚಿತ್ರ ಬಿಟ್ಟು ಏಳಲೇ ಇಲ್ಲ’ ಅಂದರು. ಚಿತ್ರ ತೆಗೆಯುವವನ ಕಿವಿಗೆ ಇಂಥ ಮಾತು ಬೀಳುವುದು ಎಷ್ಟು ಅಪರೂಪ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆಯ್ಕೆ ಪತ್ರ ಬಂತು. ಅದರ ಹಿಂದೆಯೇ ಭಾಗವಹಿಸುವ ಶುಲ್ಕ 9,500 ರೂಪಾಯಿ ಅಂತ ಬಂತು. ಅದನ್ನು ಕಟ್ಟಿದ ಮೇಲೆ ಪ್ರಿಂಟ್ ಮತ್ತು ಫ್ರೇಮಿಗೆ 3,800. ನಾನೇ ಇಲ್ಲಿ ಫ್ರೇಮ್ ಹಾಕಿಸಿ ತರುತ್ತೇನೆ ಅಂದರೆ, ‘ಎಲ್ಲಾ ಒಂದೇ ಥರ ಕಾಣಬೇಕು ಸರ್.’ ಆಮೇಲೆ ಕ್ಯಾಟಲಾಗಿಗೆ 2,000. ಕೊನೆಗೆ, ಗೋಡೆಯ ನಡುಮಧ್ಯದ ಜಾಗ ಬೇಕಾದರೆ ಇನ್ನೂ 5,000. ಬಾಗಿಲ ಪಕ್ಕವೇ ಇರಲಿ ಅಂದೆ. ಒಂದೊಂದು ಸಲ ಕೇಳುವ ಮೊತ್ತ ಸಣ್ಣದು. ಹಿಂದೆ ಕಟ್ಟಿದ್ದು ಹಾಳಾಗಬಾರದು ಅಂತ ಮಂದಿ ಮುಂದಿನದನ್ನೂ ಕಟ್ಟುತ್ತಾರೆ. ಇಡೀ ಆಟ ನಡೆಯುವುದು ಇದರ ಮೇಲೆ.

ಸೊಲ್ಲಾಪುರಕ್ಕೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ ಸೇರಿದೆ. ಪತ್ರದಲ್ಲಿ ಆರ್ಟ್ ಗ್ಯಾಲರಿ ಅಂತಿತ್ತು. ಅಲ್ಲಿದ್ದದ್ದು ಒಂದು ಹೋಟೆಲಿನ ಬ್ಯಾಂಕ್ವೆಟ್ ಹಾಲ್. ಫ್ರೇಮ್ ಅಂದದ್ದು ಏನಪ್ಪಾ ಅಂದರೆ, ಸನ್‌ಬೋರ್ಡಿನ ಮೇಲೆ ಅಂಟಿಸಿದ ಫ್ಲೆಕ್ಸ್, ಹಿಂದೆ ಡಬಲ್ ಸೈಡ್ ಟೇಪ್. ಎಲ್ಲ ಚಿತ್ರಗಳನ್ನೂ ಒಂದೇ ಅಳತೆಯ ಚೌಕಕ್ಕೆ ಕತ್ತರಿಸಿದ್ದರು. ನನ್ನ ಚಿತ್ರದ ಹುಡುಗಿಗೆ ಒಂದು ಮೊಣಕೈ ಇಲ್ಲ, ಬೆಂಕಿಯ ಹೂವು ಅರ್ಧಕ್ಕೆ ನಿಂತಿದೆ. ಕೆಳಗಿನ ಚೀಟಿಯಲ್ಲಿ ನನ್ನ ಊರು ವಿಜಯವಾಡ. ಪೆನ್ನು ಇಸಿದುಕೊಂಡು ನಾನೇ ತಿದ್ದಿದೆ.

ನೋಡಲು ಬಂದವರು ಯಾರು? ನಾವೇ. ಜೈಪುರದವರೊಬ್ಬರು ನನ್ನ ಚಿತ್ರ ನೋಡಿದರು, ನಾನು ಅವರ ಚಿತ್ರ ನೋಡಿದೆ. ಕೊಳ್ಳುವವರು, ಗ್ಯಾಲರಿಯವರು, ಪತ್ರಿಕೆಯವರು, ಸುಮ್ನೆ ಒಳಗೆ ಬಂದು ಇಣುಕಿ ಹೋಗುವ ದಾರಿಹೋಕರು, ಯಾರೂ ಇಲ್ಲ. ಮುಖ್ಯ ಅತಿಥಿ ಬಂದರು, ಸಾಲಾಗಿ ನಿಲ್ಲಿಸಿ ಪ್ರಮಾಣಪತ್ರ ಕೊಟ್ಟರು, ಪ್ರತಿಯೊಬ್ಬರ ಜೊತೆ ಫೋಟೋ ತೆಗೆಸಿಕೊಂಡರು. ಗೋಡೆ ಕಡೆ ತಿರುಗಿಯೂ ನೋಡಲಿಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ ಹೂವಿನವರು, ಲೈಟಿನವರು ಒಳಗೆ ಬರತೊಡಗಿದರು. ಮದುವೆ ಫೋಟೋ ತೆಗೆಯುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಅಲ್ಲಿ ರಿಸೆಪ್ಷನ್ ಇತ್ತು! ಪತ್ರದಲ್ಲಿ ಎರಡು ದಿನದ ಪ್ರದರ್ಶನ ಅಂತಿತ್ತಲ್ಲ ಅಂತ ಕೇಳಿದೆ. ‘ಎರಡನೇ ದಿನ ಆನ್‌ಲೈನ್ ಸರ್’ ಅಂದರು.

ಗೋಡೆ ಮೇಲೆ ನೂರರ ಹತ್ತಿರ ಚಿತ್ರಗಳಿದ್ದವು. ತಲೆಗೆ ಹತ್ತು ಸಾವಿರ ಹಿಡಿದರೂ ಹತ್ತು ಲಕ್ಷ. ಅರ್ಧ ದಿನದ ಹಾಲ್ ಬಾಡಿಗೆ, ಊಟ, ಫ್ಲೆಕ್ಸ್, ಶಾಲು, ಹಾರ ಎಲ್ಲಾ ಸೇರಿ ಎಷ್ಟಾಗುತ್ತದೆ ಅಂತ ನನಗೆ ಗೊತ್ತು, ವರ್ಷದಲ್ಲಿ ಅರ್ಧ ನಾನು ಇಂಥ ಹಾಲ್‌ಗಳಲ್ಲೇ ಇರುತ್ತೇನೆ. ಬಾಗಿಲು ತೆರೆಯುವ ಮೊದಲೇ ಅವರ ಲಾಭ ಜೇಬಿಗೆ ಬಿದ್ದಿತ್ತು. ಇನ್ನು ಯಾರಾದರೂ ಬಂದು ಚಿತ್ರ ನೋಡಲಿ, ಕೊಳ್ಳಲಿ ಅನ್ನುವ ದರ್ದು ಅವರಿಗೆ ಯಾಕಿರುತ್ತದೆ?

ಊರಿಗೆ ಬಂದು ಬಾಗಲಕೋಟೆಯ ನವನಗರದಲ್ಲಿರುವ ಡ್ರಾಯಿಂಗ್ ಮಾಸ್ತರರೊಬ್ಬರಿಗೆ ಇದನ್ನೆಲ್ಲಾ ಹೇಳಿದೆ. ‘ಅಲ್ಲೋ ತಮ್ಮಾ, ಅವರು ಆರಿಸಿದ್ದು ಫೋಟೋನೋ, ರೊಕ್ಕಾನೋ?’ ಅಂದರು. ಅಷ್ಟಕ್ಕೇ ಬಿಡಲಿಲ್ಲ. ಮಳೆಗೆ ಪಾಚಿಗಟ್ಟಿದ ತಮ್ಮ ಕಾಂಪೌಂಡ್ ಗೋಡೆಯನ್ನು ಮೊಬೈಲಿನಲ್ಲಿ ಹೊಡೆದು, ‘ಮೌನದ ಆಳ’ ಅಂತ ಹೆಸರಿಟ್ಟು, ಅಳಿಯನ ಹೆಸರಲ್ಲಿ ಕಳಿಸಿದರು. ಸಂಜೆಯೊಳಗೆ ಆಯ್ಕೆ ಪತ್ರ ಬಂತು. ಅಮೂರ್ತ ಕಲೆಯಲ್ಲಿ ಹೊಸ ದನಿ ಅಂತೆ. ಮಾಸ್ತರರ ಈ ಉಪಾಯ ಯಾರು ಬೇಕಾದರೂ ಮಾಡಬಹುದು, ಖರ್ಚಿಲ್ಲ.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ಜಮಖಂಡಿಯ ಗೆಳೆಯನೊಬ್ಬ ಒಂದು ಗೋಡೆ ಕ್ಯಾಲೆಂಡರಿನ ಫೋಟೋ ಕಳಿಸಿದ. ಜನವರಿ ಹಾಳೆಯಲ್ಲಿ ನನ್ನ ಜಾತ್ರೆಯ ಚಿತ್ರ, ನನ್ನ ಹೆಸರಿಲ್ಲ. ಅಚ್ಚು ಹಾಕಿಸಿದವರನ್ನು ಕೇಳಿದರೆ, ಪ್ರದರ್ಶನದವರಿಂದ ಕೊಂಡದ್ದು ಅಂದರು. ಪ್ರಿಂಟಿಗೆ ಅಂತ ಅವರು ಪೂರ್ತಿ ಅಳತೆಯ ಫೈಲ್ ತರಿಸಿಕೊಂಡಿದ್ದು ಇದಕ್ಕೇ ಇರಬೇಕು. ನಿಯಮಗಳ ಪಿಡಿಎಫ್‌ನ ಕೊನೆ ಪುಟದಲ್ಲಿ, ಕಳಿಸಿದ ಕೃತಿಯನ್ನು ಯಾವುದೇ ಮಾಧ್ಯಮದಲ್ಲಿ ಎಷ್ಟು ಕಾಲ ಬೇಕಾದರೂ ಬಳಸುವ ಹಕ್ಕು ಆಯೋಜಕರದ್ದು ಅಂತ ಒಂದು ಸಾಲಿತ್ತು.

ಇಲ್ಲಿ ಕಾನೂನು ನಮ್ಮ ಕಡೆಗೂ ಸ್ವಲ್ಪ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಫೋಟೋ ಕೂಡ ಕಲಾಕೃತಿಯೇ. 19ನೇ ಸೆಕ್ಷನ್ ಪ್ರಕಾರ ಹಕ್ಕನ್ನು ವಹಿಸಿಕೊಡುವುದು ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದೇ ವರ್ಷ, ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. 57ನೇ ಸೆಕ್ಷನ್ ಇನ್ನೂ ಚೆನ್ನಾಗಿದೆ. ಹಕ್ಕು ಮಾರಿದ ಮೇಲೂ, ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಅಧಿಕಾರ ಮಾಡಿದವನಿಗೇ ಉಳಿಯುತ್ತದೆ. ಈ ಎರಡನ್ನೂ ಹಿಡಿದು ವಕೀಲರಿಂದ ನೋಟಿಸ್ ಕಳಿಸಿದ್ದೇನೆ. ಸ್ಪರ್ಧೆಗೆ ಕಳಿಸುವಾಗ ಉದ್ದದ ಬದಿ ಎರಡು ಸಾವಿರ ಪಿಕ್ಸೆಲ್ ಇದ್ದರೆ ಪರದೆಯಲ್ಲಿ ನೋಡಲು ಬೇಕಾದಷ್ಟಾಯಿತು. ಆಯ್ಕೆಗೆ ಮೊದಲೇ ದೊಡ್ಡ ಫೈಲ್ ಕೇಳಿದರೆ ಯಾಕೆ ಅಂತ ಕೇಳಿ.

ಹಾಗಂತ ಶುಲ್ಕ ಕೇಳುವವರೆಲ್ಲ ಕಳ್ಳರಲ್ಲ. ಫೋಟೋಗ್ರಫಿ ಸಲೂನ್‌ಗಳು, ಅಂದರೆ ತೀರ್ಪುಗಾರರು ಚಿತ್ರ ಆರಿಸುವ ಸ್ಪರ್ಧಾ ಪ್ರದರ್ಶನಗಳು, ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತವೆ, ಅದು ಮೊದಲಿಂದ ಇರುವ ಪದ್ಧತಿ. ಆದರೆ ಅಲ್ಲಿ ರೊಕ್ಕ ಮೊದಲು, ತೀರ್ಪು ಆಮೇಲೆ. ಕಟ್ಟಿದವರ ಚಿತ್ರಗಳನ್ನೂ ತೀರ್ಪುಗಾರರು ರಾಶಿರಾಶಿ ತಳ್ಳಿಹಾಕುತ್ತಾರೆ. ಇವರಲ್ಲಿ ಆಯ್ಕೆ ಮೊದಲು, ರೊಕ್ಕ ಆಮೇಲೆ, ತಿರಸ್ಕಾರ ಅನ್ನುವುದೇ ಇಲ್ಲ. ಅಂತರರಾಷ್ಟ್ರೀಯ ಸಲೂನ್ ಅಂತ ಹೇಳಿಕೊಂಡರೆ ಫಿಯಾಪ್ (ಫೋಟೋಗ್ರಫಿ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ) ಮಾನ್ಯತೆಯ ನಂಬರ್ ಕೇಳಿ. ಫಿಯಾಪ್ ತನ್ನ ವೆಬ್‌ಸೈಟ್‌ನಲ್ಲಿ ಆಯಾ ವರ್ಷದ ಸಲೂನ್‌ಗಳ ಪಟ್ಟಿ ಹಾಕುತ್ತದೆ, ತಾಳೆ ನೋಡಬಹುದು. ಬರೀ ಲೋಗೋ ನಂಬಬೇಡಿ. ಲೋಗೋ ಯಾರು ಬೇಕಾದರೂ ಅಂಟಿಸಬಹುದು. ಅಷ್ಟೇ ಯಾಕೆ, ವರ್ಲ್ಡ್ ಪ್ರೆಸ್ ಫೋಟೋ, ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್ ಅಂಥ ದೊಡ್ಡ ಸ್ಪರ್ಧೆಗಳಿಗೆ ಪ್ರವೇಶ ಪುಕ್ಕಟೆ. ಜಗತ್ತಿನ ಫೋಟೋಗ್ರಾಫರ್‌ಗಳೆಲ್ಲ ಕಳಿಸುವ ಕಡೆ ಇಲ್ಲದ ಶುಲ್ಕ ಬ್ಯಾಂಕ್ವೆಟ್ ಹಾಲಿಗೆ ಯಾಕೆ?

ಗ್ಯಾಲರಿ ಬಾಡಿಗೆ ಹಿಡಿದು ನೀವೇ ಪ್ರದರ್ಶನ ಮಾಡುವುದೂ ನನ್ನ ಲೆಕ್ಕದಲ್ಲಿ ನೇರ ವ್ಯವಹಾರ. ಗೋಡೆಗೆ ಬಾಡಿಗೆ ಕೊಡುತ್ತೀರಿ, ಗೋಡೆ ಸಿಗುತ್ತದೆ. ಯಾವ ಚಿತ್ರ, ಯಾವ ಅಳತೆ, ಯಾರನ್ನು ಕರೆಯಬೇಕು ಎಲ್ಲ ನಿಮ್ಮದೇ. ದೆಹಲಿಗೆ ಸುರಿದ ರೊಕ್ಕದಲ್ಲಿ ನಮ್ಮೂರಲ್ಲೇ ಒಂದು ಹಾಲ್ ಹಿಡಿದಿದ್ದರೆ ಕಡೇಪಕ್ಷ ಜಾತ್ರೆಗೆ ಬಂದ ಮಂದಿಯಾದರೂ ನೋಡುತ್ತಿದ್ದರು.

ಅನುದಾನದ ಮಾತಿಗೆ ಬಂದರೆ, ನಮ್ಮ ಭಾಗದಿಂದ ಅರ್ಜಿ ಹಾಕುವವರೇ ಕಡಿಮೆ ಅಂತ ನನಗನಿಸುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್‌ನಲ್ಲಿ 25ರಿಂದ 40 ವಯಸ್ಸಿನವರಿಗೆ ತಿಂಗಳಿಗೆ 10,000, ನಲವತ್ತು ದಾಟಿದವರಿಗೆ 20,000 ರೂಪಾಯಿ, ಎರಡು ವರ್ಷ. 18ರಿಂದ 25ರವರಿಗೆ ಬೇರೆ ವಿದ್ಯಾರ್ಥಿವೇತನವಿದೆ, ತಿಂಗಳಿಗೆ 5,000. ದೃಶ್ಯಕಲೆಯವರಿಗೂ ಇವುಗಳಲ್ಲಿ ಜಾಗವಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ, ಅಲ್ಲಿಗೆ ಕನ್ನಡದಲ್ಲೇ ಬರೆದು ಕಳಿಸಬಹುದು. ಪ್ರದರ್ಶನಕ್ಕಾದರೆ ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನ, ದೆಹಲಿಯ ಕೇಂದ್ರ ಅಕಾಡೆಮಿಯ ರಾಷ್ಟ್ರೀಯ ಪ್ರದರ್ಶನ ಇವೆ. ಇವರ್‍ಯಾರೂ ಫೇಸ್‌ಬುಕ್ ನೋಡಿ ನಿಮಗೆ ಫೋನ್ ಮಾಡುವುದಿಲ್ಲ. ಪ್ರಕಟಣೆ ಕಾದು ನೋಡಬೇಕು, ಅರ್ಜಿ ಬರೆಯಬೇಕು, ಬಹಳಷ್ಟು ಸಲ ಇಲ್ಲ ಅನಿಸಿಕೊಳ್ಳಬೇಕು. ಬೇಸರದ ಕೆಲಸ, ನಿಜ.

ಈಗಾಗಲೇ ಕಟ್ಟಿಬಿಟ್ಟಿದ್ದರೆ? ಕಟ್ಟಿದ ಮೇಲೆ ನಂಬರ್ ಸ್ವಿಚ್ ಆಫ್ ಆಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಖಾತೆಯಲ್ಲೇ ರೊಕ್ಕ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನನ್ನ ಹಾಗೆ ಪ್ರದರ್ಶನ ನಡೆದು, ಹೇಳಿದ್ದೊಂದು ಕೊಟ್ಟದ್ದೊಂದು ಆಗಿದ್ದರೆ 1915, ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಅದಕ್ಕೆ ದೆಹಲಿಗೆ ಅಲೆಯಬೇಕಿಲ್ಲ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಆಯ್ಕೆ ಪತ್ರ, ರಸೀದಿ, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಾಲಿನಲ್ಲಿ ತೂಗುಹಾಕಿದ್ದರ ಫೋಟೋ ಕೂಡ ಹತ್ತಿರದಿಂದ ತೆಗೆದಿಡಿ, ಟೇಪ್ ಕಾಣುವ ಹಾಗೆ. ದೂರಿನ ಜೊತೆ ನಾನು ಕೊಟ್ಟದ್ದು ಅದನ್ನೇ, ವಿಜಯವಾಡದ ಚೀಟಿ ಸಮೇತ.