ಡಿಕೋಡ್‌ಎಂಇ: ರೋಗಿಯ ಮಂಚದ ಬಳಿಗೇ ಬಂದ ಸಂಶೋಧನೆ

ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್, ಅಂದರೆ ಎಂಇ ಕಾಯಿಲೆಯ ವಂಶವಾಹಿ ಮೂಲವನ್ನು ಹುಡುಕಲು ಬ್ರಿಟನ್ನಿನಲ್ಲಿ ನಡೆದ ಡಿಕೋಡ್‌ಎಂಇ ಅಧ್ಯಯನವನ್ನು ಇಲ್ಲಿ ವಿಜ್ಞಾನಿಯ ಕಣ್ಣಿನಿಂದ ನೋಡುತ್ತಿಲ್ಲ; ಅದರಲ್ಲಿ ಪಾಲ್ಗೊಂಡವರ ಮನೆಯವನಾಗಿ, ಒಂದು ಸೇವೆಯೆಂಬಂತೆ ಅಳೆಯುತ್ತಿದ್ದೇನೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ತಂಗಿಗೆ ಒಂದು ಜ್ವರದ ಬೆನ್ನಿಗೆ ಅಂಟಿಕೊಂಡ ಈ ಕಾಯಿಲೆ ವರ್ಷಗಳು ಕಳೆದರೂ ಬಿಟ್ಟಿಲ್ಲ. 2023ರ ಏಪ್ರಿಲ್‌ನಲ್ಲಿ ಅವಳು ಹೆಸರು ನೋಂದಾಯಿಸಿದಾಗ ನಾನೂ ಅಮ್ಮನೂ ಅವಳ ಮನೆಯಲ್ಲಿಯೇ ಇದ್ದೆವು.

ಎಂಇಯನ್ನು ಬರಿಯ ಸುಸ್ತು ಎಂದುಕೊಂಡವರಿಗೆ ಈ ಸೇವೆಯ ಗುಣ ಅರ್ಥವಾಗುವುದಿಲ್ಲ. ತಲೆಗೆ ಸ್ನಾನ ಮಾಡಿದ ದಿನ ತಂಗಿ ಫೋನಿನಲ್ಲಿ ಮಾತನಾಡುವುದಿಲ್ಲ. ಎರಡನ್ನೂ ಮಾಡಿದರೆ ಮರುದಿನವೋ ಅದರ ಮರುದಿನವೋ ಪರದೆ ಎಳೆದುಕೊಂಡು ಮಲಗಬೇಕಾಗುತ್ತದೆ. ಮಾಡಿದ ಕೆಲಸಕ್ಕೆ ತಡವಾಗಿ, ಬಡ್ಡಿ ಸಮೇತ ತೆರಬೇಕಾದ ಈ ಕುಸಿತವೇ ಕಾಯಿಲೆಯ ಮುಖ್ಯ ಗುರುತು. ರಕ್ತ ಪರೀಕ್ಷೆಗಳೆಲ್ಲ ಸರಿಯಾಗಿವೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸಿದ ವೈದ್ಯರೊಬ್ಬರ ಮಾತನ್ನು ಅವಳು ಇಂದಿಗೂ ಮರೆತಿಲ್ಲ. ಇಂಥ ರೋಗಿಯನ್ನು ಪ್ರಯೋಗಾಲಯಕ್ಕೆ ಕರೆಸಿದರೆ ಬರುವವರು ತಕ್ಕಮಟ್ಟಿಗೆ ಓಡಾಡಬಲ್ಲವರು ಮಾತ್ರ. ಹಾಸಿಗೆ ಹಿಡಿದವರು ಲೆಕ್ಕಕ್ಕೇ ಸಿಗುವುದಿಲ್ಲ.

ಡಿಕೋಡ್‌ಎಂಇ ಗೆದ್ದದ್ದು ಇಲ್ಲಿಯೇ. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರಿಸ್ ಪಾಂಟಿಂಗ್ ಅವರ ಮುಂದಾಳತ್ವದ ತಂಡವು ರೋಗಿಗಳನ್ನೂ ಅವರ ಆರೈಕೆ ಮಾಡುವವರನ್ನೂ ಯೋಜನೆ ರೂಪಿಸುವ ಹಂತದಲ್ಲಿಯೇ ಜೊತೆಗೆ ಕೂರಿಸಿಕೊಂಡಿತ್ತು, ಮತ್ತು ಅದು ಪ್ರಶ್ನಾವಳಿಯನ್ನು ತೆರೆದ ಕೂಡಲೇ ಗೊತ್ತಾಗುತ್ತಿತ್ತು. ಉತ್ತರಗಳನ್ನು ಅರ್ಧಕ್ಕೆ ಉಳಿಸಿಟ್ಟು ಇನ್ನೊಂದು ದಿನ ಮುಂದುವರಿಸಬಹುದಾಗಿತ್ತು. ತಂಗಿ ನಾಲ್ಕು ದಿನ ತೆಗೆದುಕೊಂಡಳು, ಯಾರೂ ಅವಸರಪಡಿಸಲಿಲ್ಲ. ಬಳಿಕ ಲಾಲಾರಸ ಸಂಗ್ರಹಿಸುವ ಪುಟ್ಟ ನಳಿಕೆ ಅಂಚೆಯಲ್ಲಿ ಮನೆಗೇ ಬಂತು. ಬಾಯಿ ಒಣಗಿದ್ದ ಅವಳು ದಿಂಬಿಗೊರಗಿ, ನಡುನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತ, ಗೆರೆ ಮುಟ್ಟುವವರೆಗೆ ಅದನ್ನು ತುಂಬಿಸಿದಳು. ಎಂಜಲನ್ನು ಅಂಚೆಯಲ್ಲಿ ಕಳಿಸುವುದೇ ಎಂದು ಅಮ್ಮ ಮುಖ ಸಿಂಡರಿಸಿದರಾದರೂ, ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದವರೂ ಅವರೇ. ಭಾಗವಹಿಸುವವರಿಗೆ ಯಾವ ಶುಲ್ಕವೂ ಇರಲಿಲ್ಲ. ಆದರೆ ವೈಯಕ್ತಿಕ ವರದಿಯೂ ಇರುವುದಿಲ್ಲ: ಕೊಟ್ಟ ಲಾಲಾರಸದಿಂದ ನಿಮ್ಮ ಬಗ್ಗೆ ನಿಮಗೆ ಏನೂ ತಿಳಿಯದು. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದು ಒಳ್ಳೆಯದೇ ಆಯಿತು.

ಫಲಿತಾಂಶ 2025ರ ಆಗಸ್ಟ್‌ನಲ್ಲಿ ಹೊರಬಂತು. ಒಟ್ಟು 21,620 ರೋಗಿಗಳು ಸೇರಿದ್ದರು. ಅವರಲ್ಲಿ 15,579 ಮಂದಿಯ ಡಿಎನ್‌ಎಯನ್ನು 2,59,909 ಇತರರ ಡಿಎನ್‌ಎಯೊಂದಿಗೆ ಹೋಲಿಸಿದಾಗ, ಡಿಎನ್‌ಎಯಲ್ಲಿ ಕಾಯಿಲೆಯೊಂದಿಗೆ ನಂಟಿರುವ ಎಂಟು ಜಾಗಗಳು ಸಿಕ್ಕವು. ಅವುಗಳಲ್ಲಿ ಮೂರು, ವೈರಾಣು ಅಥವಾ ಬ್ಯಾಕ್ಟೀರಿಯಾ ಸೋಂಕಿಗೆ ದೇಹ ಪ್ರತಿಕ್ರಿಯಿಸುವಾಗ ಕೆಲಸ ಮಾಡುವ ವಂಶವಾಹಿಗಳ ಸಮೀಪದಲ್ಲಿವೆ. ಇನ್ನೊಂದು, ದೇಹದ ಹಲವು ಕಡೆ ಕಾಡುವ ದೀರ್ಘಕಾಲದ ನೋವಿನೊಂದಿಗೆ ಈ ಹಿಂದೆಯೇ ಗುರುತಿಸಲಾಗಿದ್ದ ಜಾಗದ ಬಳಿಯಲ್ಲಿದೆ. ಈ ಎಂಟು ಸುಳಿವುಗಳು ಖಿನ್ನತೆ ಅಥವಾ ಆತಂಕದ ವಂಶವಾಹಿ ಕಾರಣಗಳೊಂದಿಗೆ ಬೆರೆತಿವೆ ಎನ್ನಲು ಪುರಾವೆ ಸಿಗಲಿಲ್ಲ. ಆ ಒಂದು ವಾಕ್ಯವನ್ನು ತಂಗಿ ನನ್ನಿಂದ ಎರಡು ಸಲ ಓದಿಸಿಕೊಂಡಳು. ಹಾಗೆಂದು ಇದು ರೋಗ ಪತ್ತೆಯ ಪರೀಕ್ಷೆಯಲ್ಲ, ಔಷಧವಂತೂ ಅಲ್ಲ. ಎಲ್ಲಿ ಅಗೆಯಬೇಕೆಂದು ನೆಟ್ಟ ಗೂಟಗಳು ಎನ್ನಬಹುದು.

ಈ ಕೆಲಸ ಬ್ರಿಟನ್ನಿನದೇ ಆದರೂ ಇದರ ಅಳತೆಗೋಲುಗಳು ಬೇರೆ ಬೇರೆ ದೇಶಗಳಿಂದ ಬಂದವು. ಯಾರನ್ನು ರೋಗಿಯೆಂದು ಎಣಿಸಬೇಕು ಎಂಬುದಕ್ಕೆ ಆಧಾರವಾದದ್ದು ಕೆನಡಾದ 2003ರ ಮಾನದಂಡ ಮತ್ತು ಅಮೆರಿಕದ 2015ರ ಮಾನದಂಡ. ಎಂಟು ಜಾಗಗಳಲ್ಲಿ ನಾಲ್ಕಕ್ಕೆ ಬೆಂಬಲ ದೊರೆತದ್ದು ಯುಕೆ ಬಯೋಬ್ಯಾಂಕ್ ಮತ್ತು ನೆದರ್‌ಲ್ಯಾಂಡ್ಸ್‌ನ ಲೈಫ್‌ಲೈನ್ಸ್ ಎಂಬ ಆರೋಗ್ಯ ಹಾಗೂ ಡಿಎನ್‌ಎ ಮಾಹಿತಿಯ ಸಂಗ್ರಹಗಳಿಂದ. ಒಂಟಿ ಪ್ರಯೋಗಾಲಯದ ಮಾತನ್ನು ನಂಬಿ ಈ ರೋಗಿಗಳು ಹಿಂದೆ ಪೆಟ್ಟು ತಿಂದಿದ್ದಾರೆ. 2009ರಲ್ಲಿ ಎಕ್ಸ್‌ಎಂಆರ್‌ವಿ ಎಂಬ ವೈರಾಣುವೇ ಕಾರಣವಿರಬಹುದೆಂಬ ಸುದ್ದಿ ಎದ್ದಿತು. 2011ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆದುಕೊಳ್ಳಲಾಯಿತು. ರಿಟುಕ್ಸಿಮ್ಯಾಬ್ ಔಷಧ ನಾರ್ವೆಯಲ್ಲಿ 30 ರೋಗಿಗಳ ಪ್ರಯೋಗದಲ್ಲಿ ಹುಟ್ಟಿಸಿದ ಆಸೆ, 151 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಉಳಿಯಲಿಲ್ಲ. ಆದ್ದರಿಂದ ಎಂಟರಲ್ಲಿ ನಾಲ್ಕು ಎಂಬುದು ಕೇಳಲು ಸಪ್ಪೆಯೆನಿಸಿದರೂ ನನಗೆ ಅದು ಎಂಟಕ್ಕಿಂತ ಹೆಚ್ಚು ಬೆಲೆಯ ಸಂಖ್ಯೆಯಾಗಿ ಕಾಣುತ್ತದೆ.

ಕೊರತೆಯೊಂದನ್ನು ಹೇಳಲೇಬೇಕು. ಆ 15,579 ಮಂದಿ ಯುರೋಪಿಯನ್ ವಂಶಮೂಲದವರು ಮಾತ್ರ. ಬೇರೆ ಬೇರೆ ವಂಶಮೂಲದವರನ್ನು ಒಂದೇ ರಾಶಿಗೆ ಹಾಕಿದರೆ ಕಾಯಿಲೆಗೆ ಸಂಬಂಧವೇ ಇಲ್ಲದ ವ್ಯತ್ಯಾಸಗಳು ಕಾಯಿಲೆಯ ಗುರುತುಗಳಂತೆ ಕಾಣಿಸುವುದರಿಂದ ಇದು ಲೆಕ್ಕದ ಅನಿವಾರ್ಯತೆ. ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾದರೆ ಆಯಾ ಮೂಲದವರ ಸಾವಿರಾರು ಮಾದರಿಗಳು ಬೇಕು. ದಕ್ಷಿಣ ಏಷ್ಯಾ ಮೂಲದವರು ಅಷ್ಟು ಸಂಖ್ಯೆಯಲ್ಲಿ ಬ್ರಿಟನ್ನೊಂದರಲ್ಲಿಯೇ ಸಿಗುವುದು ಕಷ್ಟ, ಅದಕ್ಕೆ ನಳಿಕೆ ಕಡಲು ದಾಟಬೇಕು. ಇದು ತಂಗಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದ್ದಳು.

ಹೋಲಿಕೆಗೆ ಬೇಕಾದ ಇನ್ನೊಂದು ಬದಿ, ಅಂದರೆ ಇತರರ ಡಿಎನ್‌ಎ, ನಮ್ಮಲ್ಲಿ ಭಾರತದಲ್ಲಿ ಈಗಾಗಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ, 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್‌ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್‌ಗಳನ್ನು, ಅಂದರೆ ಇಡೀ ಡಿಎನ್‌ಎಯನ್ನು, ಓದಿ ಮುಗಿಸಿದೆ. ಇದರ ಎದುರಿಗಿಡಲು ಬೇಕಿರುವುದು, ಕೆನಡಾದ ಅದೇ ಮಾನದಂಡದಲ್ಲಿ ಗುರುತಿಸಿದ ಭಾರತೀಯ ಎಂಇ ರೋಗಿಗಳು. ಅವರನ್ನು ತಲುಪಲು ಅರ್ಧಕ್ಕೆ ನಿಲ್ಲಿಸಿ ಮುಂದುವರಿಸಬಹುದಾದ, ಕನ್ನಡದಲ್ಲಿಯೂ ಇರುವ ಒಂದು ಪ್ರಶ್ನಾವಳಿ.

ಡಿಕೋಡ್‌ಎಂಇಗೆ ಹೊಸದಾಗಿ ಸೇರಲು ಈಗ ಅವಕಾಶವಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಔಷಧದ ಪಟ್ಟಿಗಳ ಪಕ್ಕ ಆ ನಳಿಕೆಯ ಸೂಚನಾ ಹಾಳೆಯನ್ನು ಅಮ್ಮ ಇನ್ನೂ ಮಡಿಚಿ ಇಟ್ಟಿದ್ದಾರೆ.