ಅಚ್ಚೊತ್ತಿದ ಚಿತ್ರಕ್ಕೆ ಬಣ್ಣ: ಪೆನ್ಸಿಲ್ಲೋ, ಮಾರ್ಕರೋ?

ರಬ್ಬರ್ ಸ್ಟಾಂಪಿನಂಥ ಅಚ್ಚಿನಿಂದ ಕಾಗದಕ್ಕೆ ಒತ್ತಿದ ಚಿತ್ರಕ್ಕೆ ಬಣ್ಣ ತುಂಬಲು ಬಣ್ಣದ ಪೆನ್ಸಿಲ್, ಆಲ್ಕೋಹಾಲ್ ಮಾರ್ಕರ್ (ಆಲ್ಕೋಹಾಲಿನಲ್ಲಿ ಕರಗಿದ ಬಣ್ಣದ ಪೆನ್ನು) ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ, ಮೊದಲು ನಿಮ್ಮ ಇಂಕ್ ಪ್ಯಾಡ್ ಯಾವುದೆಂದು ನೋಡಿ. ಆಲ್ಕೋಹಾಲ್ ಮಾರ್ಕರ್ ತಾಗಿದರೆ ಸ್ಟೇಜ್‌ಆನ್ ಬ್ರ್ಯಾಂಡಿನಂಥ ಸಾಲ್ವೆಂಟ್ ಇಂಕಿನ (ದ್ರಾವಕ ಬೆರೆತ ಶಾಯಿಯ) ಗೆರೆ ಕದಡುತ್ತದೆ. ಮೆಮೆಂಟೊ ಬ್ರ್ಯಾಂಡಿನಂಥ ಡೈ ಇಂಕ್ (ನೀರಿನ ಶಾಯಿ) ಒಣಗಿದ ಮೇಲೆ ನಿಲ್ಲುತ್ತದೆ. ಒಂದು ಗುಬ್ಬಿಯ ಕೊಕ್ಕಿನ ಕಪ್ಪೆಲ್ಲ ಹೊಟ್ಟೆಗೆ ಹರಿದ ಮೇಲೆ ನನಗೆ ಈ ಬುದ್ಧಿ ಬಂತು. ಪೆನ್ಸಿಲ್ಲನ್ನು ಒಣದಾಗಿ ಹಚ್ಚುವಾಗ ಈ ರಗಳೆಯಿಲ್ಲ.

ಮಾರ್ಕರಿನಲ್ಲಿ ವೇಗವೇ ಎಲ್ಲ. ತಿಳಿ ಬಣ್ಣ ಹಚ್ಚಿ, ಅದು ಹಸಿಯಿರುವಾಗಲೇ ನೆರಳಿನ ಅಂಚಿನಿಂದ ಗಾಢ ಬಣ್ಣವನ್ನು ಚಿಮ್ಮಿದಂತೆ ಎಳೆಯಿರಿ. ಎರಡೂ ಸೇರುವಲ್ಲಿ ಮತ್ತೆ ತಿಳಿ ಮಾರ್ಕರ್ ಆಡಿಸಿದರೆ ಗಡಿ ಮಾಯ. ತಡಮಾಡಿದರೆ ಪಟ್ಟೆ ಉಳಿಯುತ್ತದೆ. ಕಾಗದ ನುಣುಪಾಗಿ, ದಪ್ಪಗಿರಬೇಕು. ಆದರೂ ಬಣ್ಣ ಹಿಂಬದಿಗೆ ಇಳಿಯುತ್ತದೆ, ಅಡಿಗೊಂದು ರದ್ದಿ ಹಾಳೆ ಇಡಿ.

ಪೆನ್ಸಿಲ್ ನಿಧಾನಸ್ಥರದು. ತುಸು ತರಿಯಿರುವ ಕಾಗದ, ಹಗುರ ಪದರಗಳು. ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ (ಪೇಂಟ್ ತೆಳುಮಾಡುವ ದ್ರಾವಕ) ತಾಗಿಸಿದ ಸ್ಟಂಪ್‌ನಿಂದ, ಅಂದರೆ ಕಾಗದ ಸುತ್ತಿ ಮಾಡಿದ ಕಡ್ಡಿಯಿಂದ, ತೀಡಿದರೆ ಪೆನ್ಸಿಲ್ಲಿನ ಮೇಣ ಕರಗಿ ಗೀಟುಗಳು ಕೂಡಿಕೊಳ್ಳುತ್ತವೆ. ತೊಯ್ಯಬಾರದು, ತೇವ ಸಾಕು.

ಹೊಸಬರಿಗೆ ನನ್ನ ಓಟು ಪೆನ್ಸಿಲ್‌ಗೇ. 12 ಬಣ್ಣಗಳಲ್ಲಿ ಎಷ್ಟೋ ಛಾಯೆ ಹುಟ್ಟಿಸಬಹುದು. ಮಾರ್ಕರಾದರೆ ಒಂದೊಂದು ಬಣ್ಣಕ್ಕೂ ಎರಡು ಮೂರು ಛಾಯೆ ಕೊಳ್ಳಬೇಕು. ಅಗಲವಾದ ಆಕಾಶಕ್ಕೆ ಮಾತ್ರ ಮಾರ್ಕರೇ ಸೈ. ಎರಡೂ ಇದ್ದರೆ ಮಾರ್ಕರ್ ಮೊದಲು, ಮೇಲೆ ಪೆನ್ಸಿಲ್. ತಿರುವುಮುರುವಾದರೆ ಮೇಣ ಮೆತ್ತಿ ಮಾರ್ಕರಿನ ಮೊನೆ ಹಾಳು.